'ಮಿತವಾಗಿ ಬಳಸಿ' ಎಂದರೆ ಸಾಲದು, ಲೆಕ್ಕ ಕಲಿಸಿ: ಪಠ್ಯಕ್ರಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಪ್ರೌಢಶಾಲೆಯ ಪಠ್ಯಕ್ರಮ, ಪಠ್ಯಪುಸ್ತಕ ಹಾಗೂ ಪರೀಕ್ಷೆಗಳನ್ನು ರೂಪಿಸುವ ಮಾನ್ಯರೇ,

ನಮಸ್ಕಾರ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ನೈಸರ್ಗಿಕ ಸಂಪನ್ಮೂಲಗಳ ಪಾಠವನ್ನು ಬಹಳ ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಅದರ ಮೇಲೆ ಮಕ್ಕಳು ಬರೆದ ಉತ್ತರಗಳನ್ನು ತಿದ್ದಿದ್ದೇನೆ, ಅಂಕ ಕೊಟ್ಟಿದ್ದೇನೆ. ಆ ಪಾಠ ಈಗ ಇರುವ ರೀತಿಯಲ್ಲಿ ಮಕ್ಕಳಿಗೆ ಬೇಕಾದದ್ದನ್ನು ಕೊಡುತ್ತಿಲ್ಲ. ಇದನ್ನು ನಿಮಗೆ ನೇರವಾಗಿ, ಕಾರಣ ಸಮೇತ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಪರೀಕ್ಷೆಯಲ್ಲಿ ಬರುವ ಪ್ರಶ್ನೆ ನಿಮಗೂ ಗೊತ್ತು. 'ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆಗೆ ನಾಲ್ಕು ಕ್ರಮಗಳನ್ನು ತಿಳಿಸಿ.' ಉತ್ತರವೂ ಗೊತ್ತು. ನೀರನ್ನು ಮಿತವಾಗಿ ಬಳಸಬೇಕು. ಮರ ಬೆಳೆಸಬೇಕು. ಪ್ಲಾಸ್ಟಿಕ್ ಬಿಡಬೇಕು. ಜನರಲ್ಲಿ ಅರಿವು ಮೂಡಿಸಬೇಕು. ನಾಲ್ಕಕ್ಕೆ ನಾಲ್ಕು ಅಂಕ. ಇಷ್ಟು ಬರೆದ ಹುಡುಗಿಗೆ ಅಂತರ್ಜಲ ಎಲ್ಲಿಂದ ಬರುತ್ತದೆ, ವರ್ಷಕ್ಕೆ ಎಷ್ಟು ಇಂಗುತ್ತದೆ, ಎಷ್ಟು ಮೇಲೆತ್ತಿದರೆ ಅಪಾಯ ಎಂಬುದು ಗೊತ್ತಿರಲೇಬೇಕು ಅಂತೇನಿಲ್ಲ. ಗೊತ್ತಿದ್ದರೂ ಅದಕ್ಕೆ ಅಂಕವಿಲ್ಲ. ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: 'ಮಿಸ್, ಎಷ್ಟು ತೆಗೆದರೆ ಜಾಸ್ತಿ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?' ಇಡೀ ಅಧ್ಯಾಯದಲ್ಲಿ ಅದಕ್ಕೆ ಒಂದು ಸಾಲಿನ ಉತ್ತರವೂ ಇರಲಿಲ್ಲ. ಸುಸ್ಥಿರ ಬಳಕೆಯ ಮುಖ್ಯ ಪ್ರಶ್ನೆಯೇ ಅದು ಅಲ್ವಾ?

ನನ್ನ ದೂರು ಇಷ್ಟು. ಎಷ್ಟು ಬರುತ್ತದೆ, ಎಷ್ಟು ತೆಗೆಯುತ್ತೇವೆ ಎಂಬ ಲೆಕ್ಕ ಪಾಠದಲ್ಲಿಲ್ಲ. ಯಾರಿಗೆ ಎಷ್ಟು ಎಂದು ಯಾರು ತೀರ್ಮಾನಿಸುತ್ತಾರೆ ಎಂಬ ವಿಚಾರವೂ ಇಲ್ಲ. ಇವೆರಡನ್ನು ಬಿಟ್ಟರೆ ಉಳಿಯುವುದು ಉಪದೇಶ. ಹದಿನಾಲ್ಕು, ಹದಿನೈದರ ಮಕ್ಕಳು ಉಪದೇಶವನ್ನು ಬೇಗ ಗುರುತಿಸುತ್ತಾರೆ. ಬರೆದುಕೊಂಡು, ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನ ಮರೆಯುತ್ತಾರೆ.

ಮೊದಲು ಆ ಎರಡು ಕಾಲಮ್ಮಿನ ಪಟ್ಟಿಯನ್ನೇ ನೋಡಿ. ಒಂದು ಕಡೆ 'ನವೀಕರಿಸಬಹುದಾದ' ಸಂಪನ್ಮೂಲಗಳು: ನೀರು, ಕಾಡು, ಮಣ್ಣು, ಮೀನು. ಇನ್ನೊಂದು ಕಡೆ 'ನವೀಕರಿಸಲಾಗದ' ಕಲ್ಲಿದ್ದಲು, ಪೆಟ್ರೋಲಿಯಂ, ಅದಿರು. ಇದನ್ನು ಓದಿದ ಮಗು ಏನು ತಿಳಿಯುತ್ತದೆ? ಎಡಗಡೆಯದು ಮುಗಿಯುವುದಿಲ್ಲ, ಬಲಗಡೆಯದು ಮುಗಿಯುತ್ತದೆ ಎಂದು. ಇದು ತಪ್ಪು ತಿಳಿವಳಿಕೆ. ಒಂದು ಸೆಂಟಿಮೀಟರ್ ಮೇಲ್ಮಣ್ಣು ಆಗಲು ನೂರಾರು ವರ್ಷ ಹಿಡಿಯಬಹುದು. ಅದು ಕೊಚ್ಚಿಹೋಗಲು ಕೆಲವು ಜೋರು ಮಳೆ ಸಾಕು. ತೀರಾ ಆಳದ ಅಂತರ್ಜಲ ಎಷ್ಟೋ ಕಡೆ ಸಾವಿರಾರು ವರ್ಷ ಹಿಂದೆ ಇಂಗಿದ ನೀರು. ಅದನ್ನು ಪಂಪಿನಿಂದ ಎತ್ತಿದರೆ ನಮ್ಮ ಕಾಲದಲ್ಲಿ ಮತ್ತೆ ತುಂಬುವುದಿಲ್ಲ. ಸಂಪನ್ಮೂಲ ಮುಗಿಯುತ್ತದೋ ಇಲ್ಲವೋ ಎಂಬುದನ್ನು ಅದರ ಹೆಸರು ನಿರ್ಧರಿಸುವುದಿಲ್ಲ. ತೆಗೆಯುವ ವೇಗ ನಿರ್ಧರಿಸುತ್ತದೆ. ಈ ಒಂದು ಮಾತನ್ನು ಮಕ್ಕಳಿಗೆ ಮನದಟ್ಟು ಮಾಡಿಸಿದರೆ ಪಟ್ಟಿ ಇಲ್ಲದೆಯೂ ಪಾಠ ನಡೆಯುತ್ತದೆ.

ಇದು ಪ್ರೌಢಶಾಲೆಯ ಮಕ್ಕಳಿಗೆ ಕಷ್ಟ ಎಂದು ನೀವು ಹೇಳಬಹುದು. ಖಂಡಿತ ಕಷ್ಟವಲ್ಲ. ಅನೇಕ ಶಿಕ್ಷಕರು ಬೇರೆ ಬೇರೆ ರೂಪದಲ್ಲಿ ಆಡಿಸುವ ಒಂದು ಆಟವಿದೆ. ನಾನು ಆಡಿಸುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾಲ್ಕು ಮಕ್ಕಳು, ಒಂದು ಬಟ್ಟಲು, 20 ಕಾಳು. ಬಟ್ಟಲೇ ಸಮುದ್ರ, ಕಾಳೇ ಮೀನು. ಪ್ರತಿ ಸುತ್ತಿನಲ್ಲಿ ಯಾರು ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು. ಸುತ್ತು ಮುಗಿದ ಮೇಲೆ ಬಟ್ಟಲಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ಕಾಳನ್ನು ನಾನು ಮತ್ತೆ ಹಾಕುತ್ತೇನೆ. ಆದರೆ ಬಟ್ಟಲಲ್ಲಿ 20ಕ್ಕಿಂತ ಜಾಸ್ತಿ ಆಗುವಂತಿಲ್ಲ. ಆಡುವಾಗ ಪರಸ್ಪರ ಮಾತಾಡುವ ಹಾಗಿಲ್ಲ. ಎಷ್ಟು ಸುತ್ತು ಎಂದು ಮೊದಲೇ ಹೇಳುವುದಿಲ್ಲ. ಹೇಳಿದರೆ ಕೊನೆಯ ಸುತ್ತಿನಲ್ಲಿ ಎಲ್ಲವನ್ನೂ ಬಾಚಿಕೊಳ್ಳುತ್ತಾರೆ.

ಮೊದಲ ಸಲ ಸಾಮಾನ್ಯವಾಗಿ ಬಟ್ಟಲು ಒಂದೆರಡು ಸುತ್ತಿನಲ್ಲೇ ಖಾಲಿಯಾಗುತ್ತದೆ. ಒಳ್ಳೆಯ ಮಕ್ಕಳು, ಕೆಟ್ಟ ಮಕ್ಕಳು ಎಂಬ ಭೇದ ಅಲ್ಲಿ ಕಾಣುವುದಿಲ್ಲ. ತಾನು ಬಿಟ್ಟದ್ದನ್ನು ಪಕ್ಕದವನು ತೆಗೆಯುತ್ತಾನೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಆಮೇಲೆ ಮಾತಾಡಲು ಬಿಡುತ್ತೇನೆ. ಆಗ ತರಗತಿಯೇ ಬದಲಾಗುತ್ತದೆ. ಹದಿನೈದು ಉಳಿಸಿದರೆ? ಐದು ಮಾತ್ರ ಸೇರುತ್ತದೆ, ಜಾಗವಿಲ್ಲ. ಐದು ಉಳಿಸಿದರೆ? ಆಗಲೂ ಐದೇ ಸೇರುತ್ತದೆ, ಹೆರಲು ಮೀನಿಲ್ಲ. ಹತ್ತು ಉಳಿಸಿದರೆ ಹತ್ತು ಸೇರುತ್ತದೆ. ಅಂದರೆ ಪ್ರತಿ ಸುತ್ತಿನಲ್ಲೂ ಹತ್ತು ತೆಗೆಯಬಹುದು, ಎಷ್ಟು ಕಾಲ ಬೇಕಾದರೂ. ಮೊದಲ ಸುತ್ತಿನಲ್ಲೇ ಬಟ್ಟಲು ಬರಿದು ಮಾಡಿದವರಿಗೆ ಒಟ್ಟು ಸಿಕ್ಕಿದ್ದು 20. ಹತ್ತರಂತೆ ತೆಗೆದವರಿಗೆ ಐದು ಸುತ್ತಿನಲ್ಲೇ 50. ಮೀನುಗಾರಿಕೆ ವಿಜ್ಞಾನದಲ್ಲಿ 'ಗರಿಷ್ಠ ಸುಸ್ಥಿರ ಇಳುವರಿ' ಎಂದು ಕರೆಯುವುದನ್ನು ಮಕ್ಕಳು ತಾವೇ ಕಂಡುಕೊಂಡಿರುತ್ತಾರೆ. ಕೂಡಿಸುವುದು, ಕಳೆಯುವುದು ಬಂದರೆ ಸಾಕು.

ನಿಜವಾದ ಪಾಠ ಶುರುವಾಗುವುದು ಆಮೇಲೆ. ಹತ್ತು ಕಾಳನ್ನು ನಾಲ್ವರಿಗೆ ಹಂಚುವುದು ಹೇಗೆ? ಸಮ ಬರುವುದಿಲ್ಲ. ಇಬ್ಬರಿಗೆ ಮೂರು, ಇಬ್ಬರಿಗೆ ಎರಡು. ಜಗಳ ಶುರು. ಸರದಿ ಮಾಡೋಣ ಅನ್ನುತ್ತಾಳೆ ಒಬ್ಬಳು. ಯಾರೋ ಕಳ್ಳತನದಿಂದ ಒಂದು ಹೆಚ್ಚು ತೆಗೆಯುತ್ತಾನೆ. ಎಣಿಸಲು ಒಬ್ಬರನ್ನು ನೇಮಿಸುತ್ತಾರೆ. ತಪ್ಪಿಗೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಒಂದು ಸುತ್ತು ಹೊರಗೆ ಎಂದು ನಿಯಮ ಮಾಡುತ್ತಾರೆ. ಕೊನೆಗೆ ನಾನು ಬಟ್ಟಲಿನ ಮೇಲೆ ಬಟ್ಟೆ ಮುಚ್ಚುತ್ತೇನೆ. ಈಗ ಒಳಗೆ ಎಷ್ಟಿದೆ ಎಂದು ಕಾಣುವುದಿಲ್ಲ. ಅಂದಾಜಿನ ಮೇಲೆ ತೆಗೆಯಬೇಕು. ಸ್ವಲ್ಪ ಕಮ್ಮಿ ತೆಗೆಯೋಣ, ಅಂದಾಜು ತಪ್ಪಿದರೆ ಕಷ್ಟ ಎಂದು ಮಕ್ಕಳೇ ಹೇಳುತ್ತಾರೆ.

ಈ ಆಟ ಆಡಿದ ತರಗತಿಗೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಕಾಡ್ (cod) ಎಂಬ ಮೀನಿನ ಕಥೆ ಹೇಳಿ ನೋಡಿ. ಅಲ್ಲಿ ಸುಮಾರು ಐನೂರು ವರ್ಷ ಮೀನು ಹಿಡಿದರು. ಆಮೇಲೆ ಬಲೆ ಎಳೆದು ಮೀನು ಹಿಡಿಯುವ ದೊಡ್ಡ ದೊಡ್ಡ ಟ್ರಾಲರ್ ಹಡಗುಗಳು ಬಂದವು. 1968ರಲ್ಲಿ ಒಂದೇ ವರ್ಷ ಸುಮಾರು 8 ಲಕ್ಷ ಟನ್ ಹಿಡಿದರು. ನಂತರ ಕುಸಿತ. ಮುಂದಿನ ವರ್ಷಗಳಲ್ಲಿ ಸಮುದ್ರದಲ್ಲಿ ಎಷ್ಟು ಮೀನಿದೆ ಎಂಬ ಅಂದಾಜು ನಿಜಕ್ಕಿಂತ ಜಾಸ್ತಿಯಾಗಿತ್ತು. ಆ ಅಂದಾಜನ್ನು ನಂಬಿ ಹಿಡಿಯುತ್ತಲೇ ಹೋದರು. 1992ರ ಜುಲೈನಲ್ಲಿ ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30 ಸಾವಿರ ಜನ ಕೆಲಸ ಕಳೆದುಕೊಂಡರು. ಮೂವತ್ತು ವರ್ಷ ಕಳೆದರೂ ಮೀನು ಮೊದಲಿನಷ್ಟು ಆಗಲಿಲ್ಲ. ನೆನಪಿಡಿ, ನಮ್ಮ ಪಟ್ಟಿಯಲ್ಲಿ ಮೀನು ಇರುವುದು 'ನವೀಕರಿಸಬಹುದಾದ' ಕಾಲಮ್ಮಿನಲ್ಲಿ. ಬಟ್ಟೆ ಮುಚ್ಚಿದ ಬಟ್ಟಲಿನಿಂದ ಕಾಳು ತೆಗೆದ ಮಗುವಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಹಾಳಾದ ಕಥೆಗಳನ್ನಷ್ಟೇ ಹೇಳುವುದೂ ತಪ್ಪು. ಅಮೆರಿಕದ ಸಂಶೋಧಕಿ ಎಲಿನಾರ್ ಓಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಷಯದಲ್ಲಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಜನ ಒಟ್ಟಾಗಿ ಬಳಸುವ ಹುಲ್ಲುಗಾವಲು, ಕಾಡು, ನೀರು, ಮೀನುಗಳನ್ನು ಬಳಸುವವರೇ ಸೇರಿ ಹೇಗೆ ಉಳಿಸಿಕೊಂಡಿದ್ದಾರೆ ಎಂದು ಅವರು ಜೀವನವಿಡೀ ಅಧ್ಯಯನ ಮಾಡಿದರು. ಅವರು ಬರೆದ ಉದಾಹರಣೆಗಳಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯೂ ಒಂದು. 1517ರ ಅಲ್ಲಿನ ನಿಯಮ ಹೀಗಿದೆ: ಚಳಿಗಾಲದಲ್ಲಿ ತಾನು ಮೇವು ಹಾಕಿ ಸಾಕಬಲ್ಲಷ್ಟೇ ಹಸುಗಳನ್ನು ಒಬ್ಬ ಬೇಸಿಗೆಯಲ್ಲಿ ಊರಿನ ಹುಲ್ಲುಗಾವಲಿಗೆ ಬಿಡಬೇಕು. ಎಷ್ಟು ಸರಳ! ಎಣಿಸಬಹುದು, ಮೋಸ ಮಾಡಿದರೆ ನೆರೆಯವರಿಗೆ ಗೊತ್ತಾಗುತ್ತದೆ. ಸ್ಪೇನಿನ ವೆಲೆನ್ಸಿಯಾದಲ್ಲಿ ಕಾಲುವೆ ನೀರಿನ ವ್ಯಾಜ್ಯ ಬಿಡಿಸಲು ರೈತರೇ ಆರಿಸಿದ ನ್ಯಾಯಾಲಯ ಪ್ರತಿ ಗುರುವಾರ ಸೇರುತ್ತದೆ, ಅದೂ ಶತಮಾನಗಳಿಂದ. ಮಹಾರಾಷ್ಟ್ರದ ಹಿವರೆ ಬಜಾರಿನಲ್ಲಿ ಆ ವರ್ಷ ಎಷ್ಟು ಮಳೆ ಬಿತ್ತು ಎಂದು ಅಳೆದು, ಊರಿನವರು ಕೂತು ನೀರಿನ ಬಜೆಟ್ ಮಾಡಿ, ಯಾವ ಬೆಳೆ ಇಡಬಹುದು ಎಂದು ನಿರ್ಧರಿಸುತ್ತಾರೆ. ಇವು ಪಾಠದಲ್ಲಿ ಬರಬೇಕಾದ ವಿಷಯಗಳು. ನಿಯಮ ಮಾಡುವುದೂ ಒಂದು ಕೌಶಲ, ಅದನ್ನೂ ಕಲಿಯಬಹುದು ಎಂದು ಮಕ್ಕಳಿಗೆ ತಿಳಿಯಬೇಕು.

ನನ್ನನ್ನು ಜಾಸ್ತಿ ಕಾಡುವ ಇನ್ನೊಂದು ವಿಷಯವಿದೆ. ನಮ್ಮ ಪುಸ್ತಕಗಳು ತಪ್ಪನ್ನೆಲ್ಲ ಮಗುವಿನ ತಲೆಗೆ ಕಟ್ಟುತ್ತವೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸು, ಲೈಟ್ ಆರಿಸು, ಕಾಗದದ ಎರಡೂ ಬದಿ ಬರೆ. ಇವು ಒಳ್ಳೆಯ ಅಭ್ಯಾಸಗಳೇ, ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಜಗತ್ತಿನಲ್ಲಿ ಜನ ತೆಗೆಯುವ ಸಿಹಿನೀರಿನಲ್ಲಿ ಸುಮಾರು ಶೇಕಡಾ 70 ಭಾಗ ಹೋಗುವುದು ಕೃಷಿಗೆ. ಉಳಿದದ್ದರಲ್ಲಿ ಕೈಗಾರಿಕೆ ಮತ್ತು ಮನೆಗಳು. ಇದನ್ನು ಹೇಳದೆ ನಲ್ಲಿಯ ಮಾತನ್ನಷ್ಟೇ ಹೇಳಿದರೆ ಮಗುವಿಗೆ ಸಮಸ್ಯೆಯ ಅಳತೆಯೇ ಸಿಗುವುದಿಲ್ಲ. ಒಂದು ಹತ್ತಿ ಅಂಗಿಗೆ ಬೇಕಾದ ಹತ್ತಿ ಬೆಳೆದು ಬಟ್ಟೆಯಾಗಲು ಸರಾಸರಿ ಎರಡು ಸಾವಿರ ಲೀಟರಿಗಿಂತ ಜಾಸ್ತಿ ನೀರು ಬೇಕು ಎಂದಾಗ ಮಕ್ಕಳು ಬೆರಗಾಗುತ್ತಾರೆ. ಅಲ್ಲಿಂದ ಮಧ್ಯ ಏಷ್ಯಾದ ಅರಲ್ ಸಮುದ್ರಕ್ಕೆ ಹೋಗಬಹುದು. ಒಂದು ಕಾಲದಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಅದಕ್ಕೆ ನೀರು ತರುತ್ತಿದ್ದ ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು 1960ರ ನಂತರ ಹತ್ತಿ ಹೊಲಗಳ ಕಡೆ ಭಾರೀ ಪ್ರಮಾಣದಲ್ಲಿ ತಿರುಗಿಸಿದರು. ಕೆಲವೇ ದಶಕಗಳಲ್ಲಿ ಸರೋವರದ ಬಹುಪಾಲು ಒಣಗಿತು. ತಳದ ಉಪ್ಪು ಧೂಳಾಗಿ ಎದ್ದು ಜನರ ಆರೋಗ್ಯವನ್ನೂ ಹೊಲವನ್ನೂ ಕೆಡಿಸಿತು. ಕಥೆ ಅಲ್ಲಿಗೆ ನಿಲ್ಲಿಸಬೇಡಿ. 2005ರಲ್ಲಿ ಕೊಕ್-ಅರಲ್ ಅಣೆಕಟ್ಟು ಮುಗಿದ ಮೇಲೆ ಉತ್ತರದ ಚಿಕ್ಕ ಭಾಗದಲ್ಲಿ ನೀರು ಏರಿತು, ಉಪ್ಪಿನಂಶ ಇಳಿಯಿತು, ಮೀನು ಮರಳಿತು. ದಕ್ಷಿಣದ ಭಾಗಕ್ಕೆ ಆ ಭಾಗ್ಯ ಬರಲಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು 'ಯಾಕೆ ಹೀಗಾಯಿತು?' ಎಂದು ಕೇಳಿದರೆ ಅದೇ ಒಂದು ಒಳ್ಳೆಯ ಪರೀಕ್ಷೆ.

ಉಳಿತಾಯದ ವಿಷಯದಲ್ಲೂ ಮಕ್ಕಳಿಗೆ ಪೂರ್ತಿ ಹೇಳುವುದಿಲ್ಲ. ಹನಿ ನೀರಾವರಿ ಹಾಕಿದರೆ ನೀರು ಉಳಿಯುತ್ತದೆ ಎಂದು ಪುಸ್ತಕ ಹೇಳಿ ಮುಗಿಸುತ್ತದೆ. ಉಳಿದ ನೀರಿನಲ್ಲಿ ಇನ್ನಷ್ಟು ಜಮೀನಿಗೆ ನೀರು ಹಾಯಿಸಿದರೆ ಅಂತರ್ಜಲಕ್ಕೆ ಏನು ಲಾಭ? ಕಲ್ಲಿದ್ದಲನ್ನು ಚೆನ್ನಾಗಿ ಬಳಸುವ ಯಂತ್ರ ಬಂದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಹೆಚ್ಚುತ್ತದೆ ಎಂದು ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಹೇಳಿದ್ದರು. ತಂತ್ರಜ್ಞಾನದ ಜೊತೆ ಮಿತಿಯೂ ಬೇಕು ಎಂಬುದು ಹತ್ತನೇ ತರಗತಿಯ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅದಿರುಗಳ ವಿಷಯ ಬೇರೆ. ಅಲ್ಲಿ ಬೆಳೆಯುವ ವೇಗ ಎಂಬುದಿಲ್ಲ, ಒಮ್ಮೆ ತೆಗೆದದ್ದನ್ನು ಎಷ್ಟು ಸಲ ಬಳಸುತ್ತೇವೆ ಎಂಬುದೇ ಲೆಕ್ಕ. ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಿದರೆ ಅದಿರಿನಿಂದ ತಯಾರಿಸುವುದಕ್ಕಿಂತ ಸುಮಾರು ಶೇಕಡಾ 95 ಭಾಗ ಶಕ್ತಿ ಉಳಿಯುತ್ತದೆ. ಈ ಒಂದು ಅಂಕಿ ಸಾಕು, ಮರುಬಳಕೆಯ ಪಾಠಕ್ಕೆ ಅರ್ಥ ಬರುತ್ತದೆ.

ಈಗ ಶಾಲೆಗಳಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಮಕ್ಕಳು ನೀರಿನ ಲೆಕ್ಕ ತೆಗೆದರು. ಸೋರುವ ನಲ್ಲಿಯ ಕೆಳಗೆ ಅಳತೆಯ ಪಾತ್ರೆ ಇಟ್ಟರು. ಹತ್ತು ನಿಮಿಷಕ್ಕೆ 100 ಮಿಲಿಲೀಟರ್ ತುಂಬಿತು. ಅಂದರೆ ದಿನಕ್ಕೆ 14.4 ಲೀಟರ್, ವರ್ಷಕ್ಕೆ ಐದು ಸಾವಿರ ಲೀಟರಿಗೂ ಜಾಸ್ತಿ, ಒಂದೇ ನಲ್ಲಿಯಿಂದ. ಇಂಥ ನಲ್ಲಿಗಳು ಹಲವು ಇದ್ದವು. ಮಕ್ಕಳು ಪಟ್ಟಿ ಮಾಡಿ, ಯಾವುದನ್ನು ಮೊದಲು ರಿಪೇರಿ ಮಾಡಬೇಕು ಎಂದು ಬರೆದು ಕೊಟ್ಟರು. ತಪಾಸಣೆಗೆ ಬರುವವರ ಕಣ್ಣಿಗೆ ಇದು ಬೀಳಬಾರದು ಎಂದು ವರದಿಯನ್ನು ತೆಗೆದಿಡಲು ಮೇಲಿನವರು ಹೇಳಿದರು. ಆ ವರ್ಷ ಪ್ರಾಜೆಕ್ಟಿಗೆ ಪೂರ್ತಿ ಅಂಕ ಬಂದದ್ದು ಹೊರಗೆ ದುಡ್ಡು ಕೊಟ್ಟು ಮಾಡಿಸಿದ ಥರ್ಮಾಕೋಲ್ ಮಾದರಿಗಳಿಗೆ. ತಾವೇ ಅಳೆದು ಬರೆದ ಮಕ್ಕಳ ಮುಖ ನೋಡಲು ನನಗೆ ಆಗಲಿಲ್ಲ. ಪರಿಸರ ದಿನದಂದು ಸಸಿ ನೆಟ್ಟು ಫೋಟೋ ತೆಗೆಯುವುದು ಎಲ್ಲ ಕಡೆ ನಡೆಯುತ್ತದೆ. ಹೋದ ವರ್ಷದ ಸಸಿಗಳಲ್ಲಿ ಎಷ್ಟು ಬದುಕಿವೆ ಎಂದು ಎಣಿಸಿ ಬರೆಯಲು ಯಾವ ನಮೂನೆಯಲ್ಲೂ ಕಾಲಮ್ ಇಲ್ಲ.

ಇದು ಆ ಶಾಲೆಯೊಂದರ ತಪ್ಪು ಎಂದು ನಾನು ಭಾವಿಸುವುದಿಲ್ಲ. ಪ್ರಶ್ನೆಪತ್ರಿಕೆಯ ಬ್ಲೂಪ್ರಿಂಟ್ (ಯಾವ ಬಗೆಯ ಪ್ರಶ್ನೆಗೆ ಎಷ್ಟು ಅಂಕ ಎಂಬ ನಕ್ಷೆ) ಏನನ್ನು ಕೇಳುತ್ತದೋ ಶಾಲೆ ಅದನ್ನೇ ಕೊಡುತ್ತದೆ. ಬ್ಲೂಪ್ರಿಂಟ್ ನಿಮ್ಮ ಕೈಯಲ್ಲಿದೆ.

ಇದೆಲ್ಲ ಹೊಸ ಮಾತೂ ಅಲ್ಲ. 1977ರಲ್ಲಿ ಈಗಿನ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಯುನೆಸ್ಕೋ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ನಡೆಸಿದ ಸಮ್ಮೇಳನ ಪರಿಸರ ಶಿಕ್ಷಣಕ್ಕೆ ಐದು ಗುರಿ ಇಟ್ಟಿತು: ಅರಿವು, ತಿಳಿವಳಿಕೆ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ. ಸುಮಾರು ಅರ್ಧ ಶತಮಾನ ಆಗುತ್ತಾ ಬಂತು. ನಮ್ಮ ಪರೀಕ್ಷೆ ಇನ್ನೂ ಮೊದಲ ಎರಡರಲ್ಲೇ ನಿಂತಿದೆ. 2030ರೊಳಗೆ ಕಲಿಯುವ ಎಲ್ಲರಿಗೂ ಸುಸ್ಥಿರ ಅಭಿವೃದ್ಧಿಗೆ ಬೇಕಾದ ಜ್ಞಾನ ಮತ್ತು ಕೌಶಲ ಸಿಗಬೇಕು ಎಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಇದೆ. ಈಗ ಪ್ರೌಢಶಾಲೆ ಸೇರುತ್ತಿರುವ ಮಕ್ಕಳೇ ಆ ಹೊತ್ತಿಗೆ ಶಾಲೆ ಮುಗಿಸಿ ಹೊರಡುವವರು.

ಹಾಗಾಗಿ ನನ್ನ ಕೋರಿಕೆಗಳು. ಮೊದಲನೆಯದು ಪರೀಕ್ಷೆಯದು, ಯಾಕೆಂದರೆ ಅದು ಬದಲಾಗದೆ ಬೇರೇನೂ ಬದಲಾಗುವುದಿಲ್ಲ. 'ಕ್ರಮಗಳನ್ನು ತಿಳಿಸಿ' ಎಂಬ ಪ್ರಶ್ನೆಯನ್ನು ತೆಗೆಯಿರಿ. ಅದರ ಬದಲು ಒಂದು ಕೋಷ್ಟಕ ಕೊಡಿ: ಒಂದು ಊರಿನ ಹತ್ತು ವರ್ಷದ ಮಳೆ, ಬಾವಿಗಳ ನೀರಿನ ಮಟ್ಟ, ಬೆಳೆಗಳು. ಏನಾಗುತ್ತಿದೆ, ಹೀಗೇ ಹೋದರೆ ಏನಾಗಬಹುದು, ಊರಿನವರು ಯಾವ ನಿಯಮ ಮಾಡಿಕೊಳ್ಳಬಹುದು, ಅದರಿಂದ ಯಾರಿಗೆ ತೊಂದರೆಯಾಗುತ್ತದೆ ಎಂದು ಕೇಳಿ. ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಲಿ. ತಿದ್ದುವುದು ಕಷ್ಟವಾಗುತ್ತದೆ, ನಿಜ. ತಿದ್ದುವವಳಾಗಿ ಹೇಳುತ್ತಿದ್ದೇನೆ, ನಾವು ತಿದ್ದುತ್ತೇವೆ.

ಎರಡನೆಯದಾಗಿ, ಅಳೆಯಲು ಸಮಯ ಕೊಡಿ. ಹತ್ತು ಸಂಪನ್ಮೂಲಗಳ ಬಗ್ಗೆ ಅರ್ಧರ್ಧ ಪುಟ ಓದುವ ಬದಲು ವರ್ಷಕ್ಕೆ ಒಂದೇ ಸಂಪನ್ಮೂಲವನ್ನು ಎತ್ತಿಕೊಂಡು ಶಾಲೆಯಲ್ಲೇ ಲೆಕ್ಕ ಮಾಡಲಿ. ಚಾವಣಿಯ ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 500 ಚದರ ಮೀಟರ್ ಚಾವಣಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದರೆ 4 ಲಕ್ಷ ಲೀಟರ್. 400 ಮಕ್ಕಳಿದ್ದರೆ ತಲಾ ಸಾವಿರ ಲೀಟರ್. ದಿನಕ್ಕೆ ಹತ್ತು ಲೀಟರ್ ಬಳಸಿದರೆ ನೂರು ದಿನಕ್ಕೆ ಸಾಕು. ವ್ಯರ್ಥವಾಗುವುದು ಎಂದು ಐದನೇ ಒಂದು ಭಾಗ ಕಳೆದರೂ ಎಂಬತ್ತು ದಿನ. ಇದನ್ನು ಗಣಿತದ ಪುಸ್ತಕದಲ್ಲೇ ಹಾಕಬಹುದು. ಗಣಿತ, ವಿಜ್ಞಾನ, ಸಮಾಜ ಶಿಕ್ಷಕರು ಒಟ್ಟಿಗೆ ಪಾಠ ಮಾಡಲು ವೇಳಾಪಟ್ಟಿಯಲ್ಲಿ ಜಾಗವೂ ಬೇಕು. ಈಗ ಅರ್ಥಶಾಸ್ತ್ರದ ಭಾಗ ಒಬ್ಬರಿಗೆ, ನೀರಿನ ಚಕ್ರ ಇನ್ನೊಬ್ಬರಿಗೆ ಎಂದು ಹರಿದು ಹೋಗಿದೆ.

ಇನ್ನೊಂದು ಮುಖ್ಯ ಕೋರಿಕೆ. ಶಾಲೆಯ ನೀರಿನ, ವಿದ್ಯುತ್ತಿನ ಬಿಲ್ಲುಗಳನ್ನು ಮಕ್ಕಳು ನೋಡಲು ಬಿಡಿ. ಅವರು ಬರೆದ ವರದಿಗೆ ಶಾಲೆ ಲಿಖಿತ ಉತ್ತರ ಕೊಡಬೇಕು ಎಂದು ನಿಯಮ ಮಾಡಿ. ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಎಂದು ಹೇಳಲಿ. ತಾನು ಅಳೆದದ್ದನ್ನು ದೊಡ್ಡವರು ಓದಿ ಉತ್ತರಿಸಿದರು ಎಂಬ ಅನುಭವ ಒಮ್ಮೆ ಆದ ಮಗು ಮುಂದೆ ತನ್ನ ಊರಿನ ನೀರಿನ ಲೆಕ್ಕವನ್ನೂ ಕೇಳುತ್ತದೆ. ತಪಾಸಣೆಗೆ ಬರುವವರು ಗೋಡೆಯ ಮೇಲಿನ ಚಾರ್ಟು ನೋಡುವ ಬದಲು ಈ ವರದಿಗಳನ್ನು ಕೇಳಲಿ. ಸೋರುವ ನಲ್ಲಿಯನ್ನು ಗುರುತಿಸಿದ ಶಾಲೆಗೆ ಅದರಿಂದ ಕೆಟ್ಟ ಹೆಸರು ಬರಬಾರದು.

ಶಿಕ್ಷಕರ ತರಬೇತಿಯನ್ನೂ ಹೀಗೇ ಮಾಡಿ. ಭಾಷಣ ಬೇಡ. ನಮ್ಮ ಮುಂದೆಯೂ ಬಟ್ಟಲು, ಕಾಳು ಇಡಿ, ಕೈಗೆ ಅಳತೆಯ ಪಾತ್ರೆ ಕೊಡಿ. ಮುಂದಿನ ಪಠ್ಯ ಪರಿಷ್ಕರಣೆಯ ಸಮಿತಿಯಲ್ಲಿ ಈಗ ತರಗತಿಯಲ್ಲಿ ಪಾಠ ಮಾಡುತ್ತಿರುವ ಶಿಕ್ಷಕರಿರಲಿ. ಕರಡು ಅಧ್ಯಾಯವನ್ನು ಅಚ್ಚು ಹಾಕುವ ಮೊದಲು ಕೆಲವು ತರಗತಿಗಳಲ್ಲಿ ಪಾಠ ಮಾಡಿ ನೋಡಿ, ಮಕ್ಕಳು ಏನು ಹೇಳಿದರು ಎಂದು ಬರೆದುಕೊಳ್ಳಿ.

ನನ್ನ ತರಗತಿಯಲ್ಲಿ ಬಳಸಿದ ಚಟುವಟಿಕೆಗಳು, ಮಾದರಿ ಪ್ರಶ್ನೆಗಳು, ತಿದ್ದುವ ಮಾನದಂಡ ಎಲ್ಲವನ್ನೂ ಬರೆದಿಟ್ಟಿದ್ದೇನೆ. ಕೇಳಿದ ದಿನವೇ ಕಳಿಸುತ್ತೇನೆ. ಸಮಿತಿಯ ಮುಂದೆ ಬಂದು ಪಾಠ ಮಾಡಿ ತೋರಿಸಲೂ ಸಿದ್ಧಳಿದ್ದೇನೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ. ಒಪ್ಪದಿದ್ದರೆ ಕಾರಣ ತಿಳಿಸಿ, ಅದನ್ನು ಎಲ್ಲ ಶಿಕ್ಷಕರೂ ಓದುವಂತೆ ಬಹಿರಂಗವಾಗಿಯೇ ತಿಳಿಸಿ.

ಗೌರವದಿಂದ,
ಒಬ್ಬ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ